ತಂಗಿಯ ಫೋನಿನ ದಪ್ಪ ಬ್ಯಾಟರಿ

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಗೋವಾದ ಕಡಲದಂಡೆಯಲ್ಲಿ ನಾವಿಬ್ಬರೂ ಕಸೂತಿ ಚೀಲ, ಮಣಿಸರ ಮಾರುತ್ತಿದ್ದಾಗ ಗಿರಾಕಿಗಳ ಜೊತೆ ಅವಳ ಪರವಾಗಿ ನಾನೇ ಮಾತಾಡುತ್ತಿದ್ದೆ. 2011ರ ಸುಮಾರಿಗೆ, ಮುರ್ಮುಗಾಂವ್ ಬಂದರಿನಲ್ಲಿ ದುಡಿಯುತ್ತಿದ್ದ ನಮ್ಮಣ್ಣ ಅವಳಿಗೊಂದು ಹಳೆಯ ಸ್ಮಾರ್ಟ್‌ಫೋನ್ ತಂದುಕೊಟ್ಟ. ಶಾಲೆಯಲ್ಲಿ ಕಲಿತ ಇಂಗ್ಲಿಷು ಉಪಯೋಗಕ್ಕೆ ಬಂತು. ರೇಟು, ಬಣ್ಣ, ‘ಇದನ್ನು ನಾನೇ ಹೊಲಿದದ್ದು’ ಎಲ್ಲವನ್ನೂ ಅದರಲ್ಲಿ ಬರೆದು ತೋರಿಸತೊಡಗಿದಳು.

ಆದರೆ ಮಧ್ಯಾಹ್ನ ಎರಡರ ಹೊತ್ತಿಗೆ ಫೋನು ಸತ್ತುಹೋಗುತ್ತಿತ್ತು. ಆಗ ಬಂದು ನನ್ನ ಸೆರಗು ಜಗ್ಗುವಳು.

ಪಣಜಿಯಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಕಡೆಯವನೊಬ್ಬ ದಪ್ಪ ಬ್ಯಾಟರಿ ತೋರಿಸಿದ. ಅದಕ್ಕೆ ಬೇರೆಯೇ ಮುಚ್ಚಳ, ಹಾಕಿದರೆ ಫೋನಿಗೆ ಗೂನು ಬಂದಂತೆ ಕಾಣುತ್ತಿತ್ತು. ‘ಡಬಲ್ ಬರ್ತೈತ್ರಿ’ ಎಂದ. ನಾನು ಸನ್ನೆಯಲ್ಲಿ ತಿಳಿಸಿದೆ. ಕೊಂಡಳು, ಆದರೆ ನಂಬಲಿಲ್ಲ.

ಒಂದು ದಿನ ಹಳೆಯ ತೆಳ್ಳನೆಯದನ್ನು ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದಳು; ಎರಡು ಗಂಟೆ ಹತ್ತು ನಿಮಿಷಕ್ಕೆ ಆರಿತು. ಮರುದಿನ ದಪ್ಪನೆಯದು, ಅದೇ ಎಂಟಕ್ಕೆ. ಎರಡಾಯಿತು, ನಾಲ್ಕಾಯಿತು. ನನ್ನ ಸೆರಗು ಯಾರೂ ಜಗ್ಗಲಿಲ್ಲ. ಐದರ ಸುಮಾರಿಗೆ ವಿದೇಶಿ ಮುದುಕಿಯೊಬ್ಬಳು ಅವಳ ಪಕ್ಕ ಮರಳಲ್ಲೇ ಕೂತಳು. ಇಬ್ಬರೂ ಫೋನನ್ನು ಅತ್ತಿತ್ತ ದಾಟಿಸಿ ನಗುತ್ತಿದ್ದರು. ನಾನು ವ್ಯಾಪಾರ ಬಿಟ್ಟು ಅವರನ್ನೇ ನೋಡುತ್ತಿದ್ದೆ. ಖುಷಿಯಾಗಿತ್ತು, ಖರೇ. ಹೊಟ್ಟೆಯೊಳಗೆ ಸಣ್ಣ ಉರಿಯೂ ಇತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಗದ್ದ ಹಿಡಿದು ತಿರುಗಿಸಿ, ಏನಾಯ್ತೆಂದು ಹುಬ್ಬಲ್ಲೇ ಕೇಳಿದಳು.

‘ಇವತ್ತ ನೀ ನನ್ನ ಒಮ್ಮೆನೂ ಕರೀಲಿಲ್ಲಲ್ಲ’ ಎಂದೆ, ತುಟಿ ಓದಲೆಂದು ನಿಧಾನವಾಗಿ.

ಅವಳು ಗಟ್ಟಿಯಾಗಿ ನಕ್ಕಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಳು. ನಾನು ಕೂಡಿಸಿಕೊಂಡು ಓದಿದೆ: ‘ಆ ಅಜ್ಜಿ, ಯಾರಾಕಿ ನಮ್ಮನ್ನ ನೋಡಾಕತ್ಯಾಳ ಅಂತ ಕೇಳಿದಳು. ನಮ್ಮಕ್ಕ, ಭಾಳ ಮಾತಾಡ್ತಾಳ, ಇವತ್ತ ಕೆಲಸಕ್ಕ ಸೂಟಿ ಕೊಟ್ಟೇನಿ ಅಂದೆ.’

ನನಗೂ ನಗು ತಡೆಯಲಾಗಲಿಲ್ಲ. ಅವಳು ಇನ್ನೇನೋ ಬರೆಯುತ್ತಿದ್ದಳು. ಅಷ್ಟರಲ್ಲಿ ಪರದೆ ಕಪ್ಪಾಯಿತು. ತಕ್ಷಣ ನನ್ನ ಕೈಗಡಿಯಾರ ಎಳೆದು ನೋಡಿದಳು. ಏಳಕ್ಕೆ ಹತ್ತು ನಿಮಿಷ ಬಾಕಿ. ಲೆಕ್ಕ ಹಾಕಿ ಒಂದು ಬೆರಳು ನೆಟ್ಟಗೆ, ಇನ್ನೊಂದನ್ನು ತುದಿ ಮಡಚಿ ತೋರಿಸಿದಳು: ಡಬಲ್‌ಗೆ ಸ್ವಲ್ಪ ಕಡಿಮೆ. ಪರವಾಗಿಲ್ಲ ಎಂಬಂತೆ ತಲೆಯಾಡಿಸಿ, ಉಳಿದ ಮಾತನ್ನು ಕೈಯಲ್ಲೇ ಹೇಳಿ ಮುಗಿಸಿದಳು.