ಕೊನೆಯ ಸಾಲಿನ ಬಾಯಾರಿಕೆ

ನಾಲ್ಕೂಕಾಲಿಗೆ ಏಳಬೇಕು. ನೀರಿನ ಮೋಟಾರ್ ಹಾಕಿ, ಹಾಲು ಕಾಯಿಸಿ, ಅತ್ತೆಯ ಒದ್ದೆ ಹಾಸಿಗೆ ಬಟ್ಟೆ ಬದಲಿಸಿ, ಬೆನ್ನು ಒರೆಸಿ, ಮಾತ್ರೆ ನುಂಗಿಸಿ, ಮಗಳ ಡಬ್ಬಿ ತುಂಬಿ, ಗಂಡನ ಕಾಫಿಯನ್ನು ಫ್ಲಾಸ್ಕಿಗೆ ಸುರಿದು ಹೊರಡಬೇಕು. ಇಷ್ಟೆಲ್ಲ ಮುಗಿಸಿ ಸ್ಕೂಟರ್ ಸಂಶೋಧನಾ ತೋಟದ ಗೇಟು ದಾಟುವಾಗ ಸೂರ್ಯ ಹುಟ್ಟಲು ಅರ್ಧ ಗಂಟೆ ಉಳಿದಿರುತ್ತಿತ್ತು. ಅವಳಿಗೆ ಬೇಕಿದ್ದದ್ದು ಐವತ್ತು ನಿಮಿಷ.

ಅವಳು ಸಸ್ಯವಿಜ್ಞಾನಿ. ನೀರು ಕಡಿಮೆಯಾದಾಗ ಗಿಡ ಹೇಗೆ ತಾಳಿಕೊಳ್ಳುತ್ತದೆ ಎಂದು ನೋಡುವುದರಲ್ಲೇ ಇಪ್ಪತ್ತೆರಡು ವರ್ಷ ಕಳೆದಿದ್ದಳು. ತೋಟದಲ್ಲಿ ಎಂಟು ಸಾಲು ಕಿತ್ತಳೆ. ಮೇಲಿನ ತಳಿ ಎಲ್ಲಕ್ಕೂ ಒಂದೇ. ಕಸಿ ಕಟ್ಟಿದ ಬೇರು ಮಾತ್ರ ಸಾಲಿಗೊಂದು ಬಗೆ. ಸಾಲಿಗೆ ಮೂರು ಎಲೆ ಕೊಯ್ದು, ಒಂದೊಂದನ್ನೂ ಉಕ್ಕಿನ ಡಬ್ಬಿಯೊಳಗಿಟ್ಟು, ತೊಟ್ಟನ್ನು ಮುಚ್ಚಳದ ತೂತಿನಿಂದ ಹೊರಗೆ ಬಿಟ್ಟು, ಒಳಗೆ ಗ್ಯಾಸ್ ಒತ್ತುವುದು. ತೊಟ್ಟಿನ ತುದಿಯಲ್ಲಿ ರಸ ಜಿನುಗಿದ ಕ್ಷಣ ಒತ್ತಡ ತೋರಿಸುವ ಮುಳ್ಳು ಎಲ್ಲಿರುತ್ತದೋ ಅದೇ ಅಳತೆ. ಎಷ್ಟು ಹೆಚ್ಚು ಒತ್ತಬೇಕೋ ಗಿಡಕ್ಕೆ ಅಷ್ಟು ಬಾಯಾರಿಕೆ. ಇದು ಬಿಸಿಲು ಬೀಳುವ ಮುಂಚೆಯೇ ಮುಗಿಯಬೇಕು. ಬಿಸಿಲು ತಾಗಿದರೆ ಚೆನ್ನಾಗಿರುವ ಗಿಡವೂ ಬಾಯಾರಿದಂತೆ ಕಾಣುತ್ತದೆ.

"ಗಿಡ ಎಲ್ಲಿಗೂ ಓಡಿಹೋಗಲ್ಲ ಕಣೇ, ಸರಿಯಾಗಿ ಒರೆಸು," ಎನ್ನುತ್ತಿದ್ದರು ಅತ್ತೆ.

"ಎಂಟು ಗಂಟೆಗೆ ಅಳೆದ್ರೆ ಏನಾಗುತ್ತೆ? ಎಲೆಗೇನು ಬಸ್ ತಪ್ಪುತ್ತಾ?" ಎಂದು ಗಂಡ ಹೊದಿಕೆಯೊಳಗಿಂದಲೇ ನಗುತ್ತಿದ್ದ.

ಮೂರು ವರ್ಷದ ಅಳತೆ ನೋಡಿ, ಎಂಟನೇ ಸಾಲಿನ ಬೇರು ಕೆಲಸಕ್ಕೆ ಬಾರದು ಎಂದು ಅವಳೇ ವರದಿ ಬರೆದಳು. ಬರುವ ಸೋಮವಾರ ಆ ಸಾಲನ್ನು ಕೀಳಿಸಲು ವಿಭಾಗದ ಮುಖ್ಯಸ್ಥರು ದಿನ ಗೊತ್ತುಮಾಡಿದರು. ಅದೇ ಹೊತ್ತಿಗೆ ನಾದಿನಿ ಬಂದು ಅತ್ತೆಯನ್ನು ಹತ್ತು ದಿನಕ್ಕೆಂದು ತನ್ನ ಮನೆಗೆ ಕರೆದೊಯ್ದಳು. ಬೆಳಗಿನ ಕೆಲಸ ಕಡಿಮೆಯಾಗಿ, ಮಂಗಳವಾರ ಇವಳು ಕತ್ತಲಲ್ಲೇ ತೋಟ ಸೇರಿದಳು.

"ಏನಮ್ಮಾ, ಮನೇಲಿ ಜಗಳ ಆಯ್ತಾ? ಇಷ್ಟು ಬೇಗ!" ಎಂದ ತೋಟದ ಮೇಸ್ತ್ರಿ.

"ಅತ್ತೆ ಊರಲ್ಲಿಲ್ಲ."

"ಹಂಗಾದ್ರೆ ಒಂದ್ಸಲ ಆ ಎಂಟನೇ ಸಾಲಿನ ಮುಖ ನೋಡ್ಬನ್ನಿ. ಮಧ್ಯಾಹ್ನ ಒಂದನೇ ಸಾಲೇ ಎಲೆ ಮುದುರ್ಕೊಳ್ಳುತ್ತೆ, ಅದು ಮುದುರಲ್ಲ. ನಿಮಗೆ ಯಂತ್ರ ಇದೆ, ನಂಗಿರೋದು ಎರಡು ಕಣ್ಣು."

"ಕಣ್ಣಳತೆ ವರದಿಗೆ ಬರಲ್ಲಪ್ಪ," ಎಂದಳಾದರೂ ಸಿಲಿಂಡರ್ ಹೊತ್ತು ತೋಟದ ಆ ತುದಿಗೆ ನಡೆದಳು. ಮುಳ್ಳು ಹಿಂದಿನ ಅಳತೆಯ ಅರ್ಧಕ್ಕೂ ಏರಿರಲಿಲ್ಲ, ಆಗಲೇ ರಸ ಜಿನುಗಿತು. ಯಂತ್ರ ಸೋರುತ್ತಿದೆಯೇನೋ ಎಂದು ಬಿಗಿದು ಮತ್ತೆ ನೋಡಿದಳು. ಅಷ್ಟೇ. ನಾಲ್ಕು ದಿನ ಎಂಟೂ ಸಾಲನ್ನು ಕತ್ತಲಲ್ಲೇ ಅಳೆದಳು. ನಾಲ್ಕು ದಿನವೂ ತಾಳಿಕೆಯಲ್ಲಿ ಎಂಟನೆಯದು ಎರಡನೇ ಸ್ಥಾನಕ್ಕಿಂತ ಕೆಳಗಿಳಿಯಲಿಲ್ಲ.

ಅಳೆಯುವ ಕ್ರಮ ದಿನವೂ ಬದಲಾಗಬೇಕು ಎಂದು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ಪಾಠ ಹೇಳಿದವಳು ಅವಳೇ. ಆದರೆ ಒಂದನೇ ಸಾಲು ಗೇಟಿನ ಪಕ್ಕ. ಎಂಟನೆಯದಕ್ಕೆ ಭಾರ ಹೊತ್ತು ಐದು ನಿಮಿಷದ ನಡಿಗೆ. ಆ ಐದು ನಿಮಿಷ ಅವಳ ಬಳಿ ಯಾವ ದಿನವೂ ಇರಲಿಲ್ಲ, ಹಾಗಾಗಿ ಮೂರು ವರ್ಷವೂ ಒಂದನೇ ಸಾಲಿನಿಂದಲೇ ಶುರು. ಐದು ಸಾಲು ಮುಗಿಯುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು, ಎಂಟನೆಯದರ ಸರದಿ ಬರುವಾಗ ಬಿಸಿಲೇ.

ಶನಿವಾರ ಬೆಳಿಗ್ಗೆ ಮುಖ್ಯಸ್ಥರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು.

"ಯಂತ್ರ ಕೆಟ್ಟಿತ್ತು ಅಂತ ಬರೀರಿ. ನಿಮ್ಮ ಮರ್ಯಾದೆನೂ ಉಳಿಯುತ್ತೆ, ನಮ್ಮದೂ."

"ಯಂತ್ರ ಅಂದ್ರೆ ಮಿಕ್ಕ ಸಾಲುಗಳ ಅಳತೆನೂ ಹೋಗುತ್ತಲ್ಲ ಸರ್."

"ಹಾಗಾದ್ರೆ ಸುಮ್ಮನಿರಿ, ಸೋಮವಾರ ಕಿತ್ತುಬಿಡೋಣ. ಮುಂದಿನ ತಿಂಗಳು ನಿಮ್ಮ ಬಡ್ತಿ ಸಂದರ್ಶನ. ಮೂರು ವರ್ಷ ಟೈಮಿಗೆ ಬರ್ತಿರಲಿಲ್ಲ ಅಂತ ನೀವೇ ಬರೆದುಕೊಟ್ರೆ ನಾನೇನು ಮಾಡ್ಲಿ ಹೇಳಿ?"

ಮಧ್ಯಾಹ್ನ ಗಂಡ ಫೋನ್ ಮಾಡಿದ. ಅವಳು ವಿಷಯ ಹೇಳಿದಳು.

"ಬರಿ, ಬೇಡ ಅನ್ನಲ್ಲ. ಅಮ್ಮನ ಹೆಸರು ಮಾತ್ರ ಎಳೀಬೇಡ. ಅಂದಹಾಗೆ ಅಮ್ಮ ನಾಳೆನೇ ಬರ್ತಾಳಂತೆ, ಅಲ್ಲಿ ಸರಿಹೋಗ್ತಿಲ್ಲವಂತೆ. ಸೋಮವಾರ ಬೆಳಿಗ್ಗೆ ನೀನು ಇರ್ತೀಯ ತಾನೇ?"

"ಎಲ್ಲಿಗೆ ಹೋಗ್ಲಿ?" ಎಂದು ಫೋನ್ ಇಟ್ಟಳು.

ಕಚೇರಿ ಖಾಲಿಯಾಯಿತು. ತಿದ್ದುಪಡಿಯ ನಮೂನೆಯಲ್ಲಿ 'ದೋಷದ ಕಾರಣ' ಎಂಬಲ್ಲಿ ನಾಲ್ಕು ಚೌಕಗಳಿದ್ದವು: ಹವಾಮಾನ, ಉಪಕರಣ, ಕೀಟಬಾಧೆ, ಇತರೆ. ಪೆನ್ನು ಉಪಕರಣದ ಮೇಲೆ ತುಸು ಹೊತ್ತು ನಿಂತಿತು. ಆಮೇಲೆ 'ಇತರೆ'ಗೆ ಗುರುತು ಹಾಕಿ, ಮುಂದಿನ ಗೆರೆಯಲ್ಲಿ 'ವೈಯಕ್ತಿಕ' ಎಂದು ಬರೆದಳು. ಬರೆದದ್ದನ್ನು ನೋಡಿದಳು. ತಡವಾದ ಆ ಬೆಳಗುಗಳಲ್ಲಿ ತನಗೆಂದು ಒಂದು ಲೋಟ ನೀರನ್ನೂ ಅವಳು ಕುಡಿದಿರಲಿಲ್ಲ. ಹೊಡೆದುಹಾಕಿ ಬರೆದಳು: 'ಮನೆ ಕೆಲಸ. ಮೂರು ವರ್ಷ, ದಿನಕ್ಕೆ ಇಪ್ಪತ್ತು ನಿಮಿಷ ತಡ. ಕೊನೆಯ ಮೂರು ಸಾಲಿನ ಅಳತೆ ರದ್ದು ಮಾಡಿ, ಗಿಡಗಳನ್ನು ಉಳಿಸಬೇಕು.'

ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಮುಖ್ಯಸ್ಥರ ಮೇಜಿಗೆ ಒಯ್ಯಲಿಲ್ಲ. ಮೆಟ್ಟಿಲಿಳಿದು, ಅವರಿಗೂ ಮೇಲಿನ ನಿರ್ದೇಶಕರ ಕಚೇರಿಯ ಅಂಚೆಪೆಟ್ಟಿಗೆಯ ಸೀಳಿನೊಳಗೆ, ಮತ್ತೆ ಬೆರಳಿಗೆ ಎಟುಕದಷ್ಟು ಒಳಕ್ಕೆ, ಅದನ್ನು ತಳ್ಳಿದಳು.