‘ಎಂತದೂ ಆತಿಲ್ಲೆ’ ಎನ್ನದ ವಾರಿಜಕ್ಕ

ಹ್ವಾಯ್, ನಿಮಗೆ ಹೀಗಾಗಿದೆಯೇ? ಮನೆಯವರಿಗೆ ಹುಷಾರಿಲ್ಲ. ತಿಳಿದವರೊಬ್ಬರು ಎದುರಿಗಿದ್ದಾರೆ. ‘ಎಂತದೂ ಆತಿಲ್ಲೆ’, ಏನೂ ಆಗುವುದಿಲ್ಲ, ಎಂದು ಒಂದು ಮಾತು ಹೇಳಲಿ ಎಂದು ಅವರ ಬಾಯಿಯನ್ನೇ ನೋಡುತ್ತೀರಿ. ಅವರು ಹೇಳುವುದೇ ಇಲ್ಲ.

ನನಗಾಗಿದೆ. ಹೇಳದಿದ್ದವರು ವಾರಿಜಕ್ಕ.

ನಮ್ಮ ಕಡೆ ಬಸ್ಸು ತಪ್ಪಿದರೂ, ಮರದಿಂದ ಬಿದ್ದರೂ ಈ ಮಾತು ಪುಕ್ಕಟೆ ಸಿಗುತ್ತದೆ. ವಾರಿಜಕ್ಕ ಮಾತ್ರ ಏನು ಕೇಳಿದರೂ ಕನ್ನಡಕ ಮೇಲಕ್ಕೆ ತಳ್ಳಿ, "ಹೇಳುಕಾತಿಲ್ಲೆ" ಎನ್ನುತ್ತಿದ್ದರು, ಹೇಳಲಿಕ್ಕಾಗುವುದಿಲ್ಲ ಎಂದು. "ಅಷ್ಟ್ ಓದಿ ಕಲ್ತದ್ದ್ ಇದೊಂದೇ ಮಾತಾ?" ಎಂದು ನನ್ನ ಗಂಡ ಸುಧಾಕರ ಅವರ ಬೆನ್ನ ಹಿಂದೆ ನಗುತ್ತಿದ್ದರು.

ವಾರಿಜಕ್ಕ ಜೀವರಸಾಯನಶಾಸ್ತ್ರದವರು. ಹುಟ್ಟೂರು ಕೊಕ್ಕರ್ಣೆ. ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡಿ, ನಿವೃತ್ತರಾದ ಮೇಲೆ ವಂಡ್ಸೆಯಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಜೀವಮಾನವಿಡೀ ಬೆನ್ನು ಹತ್ತಿದ್ದು ಕಾಡು ಅಣಬೆಯ ವಿಷವನ್ನು. ಮಳೆಗಾಲದಲ್ಲಿ ಬೈಂದೂರಿನಿಂದ ಕೊಕ್ಕರ್ಣೆಯವರೆಗೆ ಕಾಡು-ಹಾಡಿಗಳನ್ನೆಲ್ಲ ಸುತ್ತಿ, ಅಣಬೆಗಳನ್ನು ಪೇಪರಿನಲ್ಲಿ ಕಟ್ಟಿ, ಬಸ್ಸಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದರಂತೆ. ಅರಿಸಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ, ವಿಷವಿದ್ದರೆ ಬೆಳ್ಳಿ ಕಪ್ಪಾಗುತ್ತದೆ ಎಂದು ನಾವು ನಂಬಿದ್ದನ್ನೆಲ್ಲ ಅವರು ಲ್ಯಾಬಿಗೆ ಕೊಂಡುಹೋದರು. ಬೇಯಿಸುವ ಮೊದಲು ವಿಷ ಅಳೆದರು, ಬೇಯಿಸಿಯೂ ಅಳೆದರು. ಇದ್ದದ್ದು ಇದ್ದ ಹಾಗೇ ಇತ್ತು. ಬೆಳ್ಳಿಯ ಪರೀಕ್ಷೆಗೆ ಹಾಕಿದ್ದು ತಮ್ಮದೇ ಕಾಲುಂಗುರ. "ವಿಷದ್ ಪಾತ್ರೆಯಗೆ ಫಳಫಳ ಹೊಳಿತಿತ್ತ್ ಹೆಣೆ. ಡಾಕ್ಟ್ರೇಟ್ ಕೊಡ್ಕಾದ್ದ್ ನಂಗಲ್ಲ, ಆ ಕಾಲುಂಗ್ರಕ್ಕೆ." ನನ್ನನ್ನು ಅವರು ಕರೆಯುತ್ತಿದ್ದದ್ದೇ ‘ಹೆಣೆ’ ಎಂದು, ಹೆಣ್ಣೇ ಎನ್ನುವ ಹಾಗೆ.

ಅವರು ಬರೆದದ್ದನ್ನು ಎಲ್ಲಿಯ ಯಾರ್ಯಾರೋ ಓದುತ್ತಿದ್ದರು, ಶಿಷ್ಯರು ಅಲ್ಲಲ್ಲಿ ಲ್ಯಾಬು ನಡೆಸುತ್ತಿದ್ದರು. ನಮಗದು ಗೊತ್ತಿರಲಿಲ್ಲ. ಮೊದಲ ಗುಡುಗಿಗೆ ಕೊಡೆ ಬಿಡಿಸಿ ಮನೆಮನೆಗೆ ಹೊರಡುವ ಹೆಂಗಸು ಮಾತ್ರ ಗೊತ್ತಿತ್ತು. "ಗುರ್ತ ಇಲ್ದಿದ್ ಅಣಬೆ ತಿನ್ಬೇಡಿ. ನನ್ ಮಾತ್ ಕೇಂತಿಲ್ಲೆ ಅಂದ್ರೆ ಒಂದ್ ಹಸಿದ್ ಎತ್ತಿಡಿ, ಬುಡ ಸಮೇತ. ಹೆಚ್ಚುಕಮ್ಮಿ ಆರೆ ಯಾವ್ದಂದ್ ಕಾಂಬುಕೆ ಬೇಕಲ್ದಾ."

"ಪೋಸ್ಟ್‌ಮಾರ್ಟಮಿಗಾ ವಾರಿಜಕ್ಕ?" ಎಂದರು ನಮ್ಮ ಇವರು, ಸುಧಾಕರ.

"ಅದಕ್ಕೂ ಆತ್ತ್."

ಎರಡು ಮಳೆಗಾಲದ ಹಿಂದೆ ಒಂದು ಶನಿವಾರ ಇವರು ಗೇರುಹಾಡಿಯಿಂದ ಹೆಗಲ ಮೇಲಿನ ಬೈರಾಸಿನ ತುಂಬ ಬಿಳಿ ಅಣಬೆ ತಂದರು. ನನಗೆ ಉಪವಾಸ. ಮಧ್ಯಾಹ್ನ ಒಬ್ಬರೇ ಉಂಡರು. ವಾರಿಜಕ್ಕನ ಬಾಯಿಗೆ ಹೆದರಿ ಒಂದನ್ನು ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದೆ. ಭಾನುವಾರ ಬೆಳಗಿನಿಂದ ವಾಂತಿ, ಭೇದಿ. ಕ್ಲಿನಿಕ್ಕಿಗೆ ರಜೆ. ವಾರಿಜಕ್ಕ ಬ್ರಹ್ಮಾವರದ ತಂಗಿಯ ಮನೆಗೆ ಹೋಗಿದ್ದರು. ಸೋಮವಾರ ಎಲ್ಲ ನಿಂತಿತು. ಇವರು ಗಂಜಿ ಕೇಳಿ ಉಂಡರು. ನಾನು ದೇವರಿಗೆ ಕೈಮುಗಿದೆ.

ಆಗಲೇ ವಾರಿಜಕ್ಕ ಬಸ್ಸಿಳಿದು ಬಂದರು.

"ನಿನ್ನೆ ಸಾಯುಕೆ ಹೊರ್ಟಿದ್ದೆ ವಾರಿಜಕ್ಕ. ಈಗ ಆರಾಮ್," ಎಂದರು ಇವರು.

ಅವರು ಕೂರಲಿಲ್ಲ. ಏನು ತಿಂದದ್ದು, ಯಾವಾಗ, ವಾಂತಿ ಶುರುವಾದದ್ದು ಯಾವಾಗ ಎಂದೆಲ್ಲ ಕೇಳಿದರು. ಎತ್ತಿಟ್ಟದ್ದನ್ನು ತಂದು ಕೊಟ್ಟೆ. ತಿರುಗಿಸಿ ನೋಡಿದರು.

"ಬುಡ ಎಲ್ಲಿತ್ತ್?"

"ಮಣ್ಣಾತ್ತಂದ್ ಮುರ್ಕಂಡ್ ಬಂದೆ," ಎಂದರು ಇವರು.

"ಗುರ್ತ ಸಿಕ್ಕುದೇ ಬುಡದಗೆ ಮಾರಾಯ." ಅಣಬೆಯನ್ನು ಮತ್ತೆ ಪೇಪರಿನಲ್ಲಿ ಸುತ್ತಿದರು. "ನೀ ಈಗ ಆರಾಮ್ ಅಂದ್ಯಲೆ, ಅದೇ ನಂಗ್ ಹೆದ್ರಿಕಿ. ಕೆಲವ್ ವಿಷ ಹೀಂಗೇ, ಮಧ್ಯ ಒಂದ್ ದಿನ ಸುಮ್ನಿರತ್ತ್. ಒಳ್ಗೆ ಲಿವರ್ ತಿಂತಾ ಇರತ್ತ್. ಏಳ್. ಹೆಣೆ, ಕಾರಿಗ್ ಫೋನ್ ಮಾಡ್."

ಕುಂದಾಪುರದ ದಾರಿಯಲ್ಲಿ ಇವರ ದನಿ ಸಣ್ಣದಾಯಿತು. "ಎಂತದೂ ಆತಿಲ್ಲೆ ಅಲ್ದಾ ವಾರಿಜಕ್ಕ?"

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳಾದರೂ ಸರಿ, ಹೇಳಲಿ.

"ಹೇಳುಕಾತಿಲ್ಲೆ ಮಾರಾಯ." ಹಾಗೆಂದು ಇವರ ಕೈ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡರು. ಆಸ್ಪತ್ರೆ ಬರುವವರೆಗೂ ಬಿಡಲಿಲ್ಲ.

ಆಸ್ಪತ್ರೆಯ ಲ್ಯಾಬಿನಲ್ಲಿ ತಲೆ ನರೆತ ಹೆಂಗಸೊಬ್ಬರು ವಾರಿಜಕ್ಕನನ್ನು ಕಂಡದ್ದೇ ಕುರ್ಚಿ ಬಿಟ್ಟು ಎದ್ದು ನಿಂತರು. "ಮೇಡಂ, ನೀವಾ?" ಹಳೆಯ ಶಿಷ್ಯೆಯಂತೆ. "ಮಾತ್ ಕಡಿಗೆ. ಮೊದ್ಲ್ ಲಿವರಿನ ಟೆಸ್ಟ್ ಮಾಡ್," ಎಂದರು ವಾರಿಜಕ್ಕ. ಆ ಶಿಷ್ಯೆಯೇ ರಿಪೋರ್ಟು ಹಿಡಿದು ಡಾಕ್ಟರರ ಹತ್ತಿರ ಓಡಿದ್ದನ್ನು ನೋಡಿದೆ. ಇವರನ್ನು ಐಸಿಯುವಿಗೆ ಸೇರಿಸಿದರು. ಆ ವಾರವೆಲ್ಲ ಐಸಿಯುವಿನ ಹೊರಗಿನ ಬೆಂಚಿನಲ್ಲಿ ನಾನೂ ವಾರಿಜಕ್ಕನೂ ಕೂತಿದ್ದೆವು. ಒಮ್ಮೆಯೂ ಧೈರ್ಯ ಹೇಳಲಿಲ್ಲ ಪುಣ್ಯಾತ್ಗಿತ್ತಿ. ಎದ್ದು ಮನೆಗೂ ಹೋಗಲಿಲ್ಲ.

ಇವರು ಉಳಿದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರರು.

ಕಳೆದ ವರ್ಷ ವಾರಿಜಕ್ಕನೇ ಹಾಸಿಗೆ ಹಿಡಿದರು. ಬ್ರಹ್ಮಾವರದ ತಂಗಿಯ ಮನೆಗೆ ನೋಡಲು ಹೋದೆ. ಗುರುತು ಸಿಗದಷ್ಟು ಸೊರಗಿದ್ದರು. ನನ್ನ ಬಾಯಿ ತಡೆಯಲಿಲ್ಲ. "ಎಂತದೂ ಆತಿಲ್ಲೆ ವಾರಿಜಕ್ಕ" ಎಂದುಬಿಟ್ಟೆ.

ಕಣ್ಣು ತೆರೆದರು. "ಯಾವ್ ಲ್ಯಾಬಗೆ ಟೆಸ್ಟ್ ಮಾಡ್ಸಿದ್ದೆ?"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಗೋಡೆಯ ಕಡೆ ಮುಖ ಮಾಡಿ ಅಂದರು: "ಹೆಣೆ, ಇನ್ನೊಂದ್ ಸಲ ಹೇಳ್ ಕಾಂಬ."

ಹೇಳಿದೆ. ಅವರನ್ನು ನಾನು ನೋಡಿದ್ದು ಅದೇ ಕೊನೆ. ಆ ಹಾಸಿಗೆಯಿಂದ ಅವರು ಏಳಲಿಲ್ಲ.

ನಿನ್ನೆ ಮೊದಲ ಗುಡುಗು. ಪಕ್ಕದ ಮನೆಗೆ ಬೀಗ. ನಮ್ಮಲ್ಲಿ ಈಗ ಅಣಬೆ ತರುವುದೇ ಇಲ್ಲ. ಆದರೆ ಊರಲ್ಲಿ ತರುವವರಿದ್ದಾರೆ. ಈ ವರ್ಷ ಮನೆಮನೆಗೆ ಹೇಳುವವರು ಯಾರು? ವಾರಿಜಕ್ಕ ನಿಮ್ಮ ಮನೆ ಬಾಗಿಲಿಗೂ ಬಂದಿದ್ದರೆ ಕೆಳಗೆ ಕಮೆಂಟಿನಲ್ಲಿ ಬರೆಯಿರಿ. ಒಂದು ಅಣಬೆ ಎತ್ತಿಟ್ಟು ಬದುಕಿ ಉಳಿದವರ ಕಥೆಯೂ ಬೇಕು, ಉಳಿಯದವರ ಕಥೆಯೂ ಬೇಕು. ಯಾರಾದರೂ ಓದಿ, ಕೈಯಲ್ಲಿದ್ದ ಅಣಬೆಯನ್ನು ಕೆಳಗಿಡಲಿ.