ಮೆಲುದನಿಯ ಹಾಡುಗಾರ

ಕಾರವಾರದ ಹತ್ತಿರ ಬಿಣಗಾದ ನಮ್ಮ ಕಾರ್ಖಾನೆ ಕಾಲೊನಿಯಲ್ಲಿ ಆಗೆಲ್ಲ ಯಾರ ಮನೆಯ ಬಾಗಿಲ ಚಿಲಕಕ್ಕೆ ನೀಲಿ ಅಂಗಿ ತೂಗುತ್ತಿತ್ತೋ, ಆ ಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವರು ಮಲಗಿದ್ದಾರೆ ಎಂದರ್ಥ. ಅಂಗಿ ಕಂಡರೆ ಮೀನು ಮಾರುವವಳೂ ಕೂಗದೆ ಮೆಟ್ಟಿಲು ತಟ್ಟುತ್ತಿದ್ದಳು. ಮಕ್ಕಳು ಲಗೋರಿಯನ್ನು ದೂರದ ಗೇಟಿನ ಹತ್ತಿರ ಆಡುತ್ತಿದ್ದರು. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಮುರಿದವರಿಗೆ ಬೈಗುಳ ಖಾತ್ರಿ.

ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅಗಸೂರಿನ ಅಜ್ಜಿ ಬಿದ್ದು ಕಾಲು ಮುರಿದುಕೊಂಡಳು. ಆಯಿ, ಅಂದರೆ ನನ್ನಮ್ಮ, ಆರೈಕೆಗೆಂದು ಅಲ್ಲಿಗೆ ಹೋದಳು. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಗಂಜಿ ಬಡಿಸಲು ಒಬ್ಬರು ಬೇಕೆಂದು ನನ್ನನ್ನು ಬಿಟ್ಟುಹೋದಳು. ಅಪ್ಪನದು ಆ ತಿಂಗಳೆಲ್ಲ ರಾತ್ರಿಪಾಳಿ. ರಾತ್ರಿ ನಾನು ಪಕ್ಕದ ಮನೆಯಲ್ಲಿ ಮಲಗುತ್ತಿದ್ದೆ, ಹಗಲು ಅಪ್ಪ ನಮ್ಮ ಮನೆಯಲ್ಲಿ ಮಲಗುತ್ತಿದ್ದ. ಮಂಚದ ಕೆಳಗೆ ಹುಲ್ಲಿನಲ್ಲಿಟ್ಟ ಇಶಾಡ ಮಾವಿನ ಘಮ, ಫ್ಯಾನಿನ ಕಿರಗುಟ್ಟುವಿಕೆ, ಮಾತಿಗೊಬ್ಬರಿಲ್ಲ. ಇಡೀ ದಿನ ಸದ್ದಿಲ್ಲದೆ ಬೆಕ್ಕಿನ ಹಾಗೆ ಓಡಾಡಿ ನನಗೆ ಸಾಕಾಗಿತ್ತು.

ಆಗ ಸಿಕ್ಕಿದ್ದು ಹಡಗಿನಲ್ಲಿ ಕೆಲಸಕ್ಕಿದ್ದ ಮಾಮ ಬಿಟ್ಟುಹೋದ ಇಂಗ್ಲಿಷ್ ಕ್ಯಾಸೆಟ್ಟು. ಅದರ ಡಬ್ಬಿಯ ಮೇಲಿನ ಚಿತ್ರದಲ್ಲಿ ಹೆಗಲಿಗೆ ಬೀಳುವ ಕೂದಲಿನ ನಾಲ್ವರು. ನಡುವಿನವನು ಮೈಕು ಹಿಡಿದು, ಕಣ್ಣು ಮುಚ್ಚಿ, ಬಾಯಿ ಅಷ್ಟಗಲ ತೆರೆದಿದ್ದ. ಆಕಳಿಸುವಾಗಲೇ ಫೋಟೊ ತೆಗೆದಿದ್ದಾರೆ ಪಾಪ ಅಂದುಕೊಂಡೆ. ಟೇಪ್‌ರೆಕಾರ್ಡರಿನ ಸದ್ದನ್ನು ಇನ್ನೇನು ನಿಲ್ಲುತ್ತದೆ ಅನ್ನುವಷ್ಟು ಇಳಿಸಿ, ಸ್ಪೀಕರಿಗೆ ಕೆನ್ನೆಯೊತ್ತಿ ಕೂತೆ. ಆ ನಡುವಿನವನು ಮೆಲ್ಲಗೆ, ಗುಟ್ಟು ಹೇಳುವವನ ಹಾಗೆ ಹಾಡಿದ. ಒಂದು ಪದವೂ ತಿಳಿಯಲಿಲ್ಲ, ಆದರೂ ನನಗೇ ಹೇಳುತ್ತಿದ್ದಾನೆ ಅನ್ನಿಸಿತು. ಅವನ ಮನೆಯಲ್ಲೂ ಯಾರೋ ರಾತ್ರಿಪಾಳಿಯವರು ಮಲಗಿರಬೇಕು, ಅದಕ್ಕೇ ಇಷ್ಟು ತಗ್ಗಿದ ದನಿ ಎಂದು ನನ್ನ ಲೆಕ್ಕಾಚಾರ.

ಅಲ್ಲಿಂದ ಅವನೇ ನನ್ನ ಗೆಳೆಯ. ಒಳ್ಳೆಯ ಇಶಾಡ ಹಣ್ಣನ್ನು ಅವನ ಚಿತ್ರದ ಮುಂದಿಟ್ಟು, ಅವನ ಪಾಲನ್ನೂ ನಾನೇ ತಿನ್ನುತ್ತಿದ್ದೆ. ಗೇಟಿನ ಹತ್ತಿರ ಆಡುವ ಹುಡುಗಿಯರಿಗೆ ಅವನ ಸುದ್ದಿ ಹೇಳಿದರೆ, ತಲೆ ಕೆಟ್ಟಿದೆ ಎಂದು ನಕ್ಕರು. ಮತ್ತೆ ಯಾರಿಗೂ ಹೇಳಲಿಲ್ಲ.

ಅವತ್ತೊಂದು ದಿನ ಅಪ್ಪನ ವಾರದ ರಜೆ. ಸಂಜೆ ಚಾ ಕುಡಿಯುತ್ತ ನನ್ನ ಮುಖ ನೋಡಿದ.

"ಕೆನ್ನೆ ಮೇಲೆ ಅದೆಂತದೇ ತಂಗಿ, ಜಾಲರಿ ಕಂಡಾಂಗೆ?"

ಸ್ಪೀಕರಿನ ಅಚ್ಚು. ಹೇಳಲೇಬೇಕಾಯಿತು. ಅಪ್ಪ ಎದ್ದು ಹೋಗಿ ಹಾಡು ಹಾಕಿ, ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸಿದ. ಗೋಡೆಯ ಮೇಲಿನ ತಾಟುಗಳು ನಡುಗಿದವು. ಗಿಟಾರು, ಡ್ರಮ್ಮು, ಎಲ್ಲದರ ಮೇಲೆ ಅವನ ಕೂಗು, ಗಂಟಲು ಹರಿಯುವ ಹಾಗೆ. ಅದು ಆಕಳಿಕೆಯಾಗಿರಲಿಲ್ಲ. ಅವನು ಸಾವಿರಾರು ಜನರಿಗೆ ಕೂಗುತ್ತಿದ್ದ, ನನಗಲ್ಲ. ನಾನು ಗೊಳೋ ಎಂದು ಅತ್ತುಬಿಟ್ಟೆ.

ಅಪ್ಪ ಗಾಬರಿಯಿಂದ ಸದ್ದು ಇಳಿಸಿದ. ಬಿಕ್ಕುತ್ತ ನನ್ನ ಲೆಕ್ಕಾಚಾರವನ್ನೆಲ್ಲ ಹೇಳಿದೆ. ನಗುತ್ತಾನೆ ಅಂದುಕೊಂಡರೆ ನಗಲಿಲ್ಲ. ಬಾಗಿಲ ಚಿಲಕದ ಕಡೆ ಒಮ್ಮೆ ನೋಡಿದ.

"ಇಷ್ಟು ಕೂಗುವಂವ್ನ, ನನ್ನ ನಿದ್ದೆಗೋಸ್ಕರ ಇಷ್ಟು ದಿನ ಸುಮ್ಮನೆ ಕೂರ್ಸಿದ್ಯಲೇ ಮಗಾ," ಅಂದ.

ಆಮೇಲೆ ಟೇಪ್‌ರೆಕಾರ್ಡರಿನ ಇನ್ನೊಂದು ಸ್ಪೀಕರಿಗೆ ತಾನೂ ಕೆನ್ನೆಯೊತ್ತಿದ. ಕಾರ್ಖಾನೆಯ ಯಂತ್ರಗಳ ನಡುವೆ ಇದ್ದೂ ಇದ್ದೂ ಅವನ ಕಿವಿ ಮಂದವಾಗಿತ್ತು. ಅಷ್ಟು ಸಣ್ಣ ದನಿ ಅವನಿಗೆ ಕೇಳಿಸಿತೋ ಇಲ್ಲವೋ, ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವವರೆಗೂ ಅಲುಗಲಿಲ್ಲ. ಏಳುವಾಗ ಅವನ ಕೆನ್ನೆಯ ಮೇಲೂ ಜಾಲರಿ ಮೂಡಿತ್ತು.

ಮರುದಿನ ಮತ್ತೆ ರಾತ್ರಿಪಾಳಿ, ಬಾಗಿಲಿಗೆ ಮತ್ತೆ ನೀಲಿ ಅಂಗಿ.

ಈಗ ನಾನು ಕಾರವಾರದಲ್ಲಿದ್ದೇನೆ. ಆ ಹಾಡುಗಾರ ತೀರಿಕೊಂಡ ಸುದ್ದಿ ಮೊನ್ನೆ ಫೋನಿನಲ್ಲಿ ನೋಡಿದೆ. ಲೋಕವೆಲ್ಲ ಅವನ ಕೂಗನ್ನು ಹೊಗಳುತ್ತಿತ್ತು. ಅವನ ಪಿಸುದನಿಯನ್ನು ಕೇಳಿದ್ದು ನಾವಿಬ್ಬರೇ, ಹೇಳಿಕೊಳ್ಳೋಣವೆಂದರೆ ಅಪ್ಪ ಹೋಗಿ ವರ್ಷಗಳಾದವು. ಹಾಡು ಹಾಕಿದೆ. ಕೈ ತಾನಾಗಿ ಸದ್ದು ಇಳಿಸಿತು. ಒಳಕೋಣೆಯ ಕಡೆ ನೋಡಿದೆ. ಇನ್ನು ಎಷ್ಟು ಜೋರು ಮಾಡಿದರೂ ಅಪ್ಪನಿಗೆ ಎಚ್ಚರವಾಗುವುದಿಲ್ಲ.